ಔಷಧಿ ಸಸ್ಯ ನೋಡಲು: ಧಾರವಾಡದ ತೋಟವೋ, ಕಪ್ಪತಗುಡ್ಡವೋ?

ಗಿಡ ಗುರುತಿಸುವುದನ್ನು ಈಗಷ್ಟೇ ಕಲಿಯುತ್ತಿದ್ದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯೋದ್ಯಾನ ಸಾಕು. ನಗರದಲ್ಲೇ ಇದೆ, ವಯಸ್ಸಾದವರಿಗೂ ಅನುಕೂಲ. ಮೊದಲೇ ಅನುಮತಿ ಕೇಳಿಕೊಳ್ಳಿ.

ಗದಗ ಜಿಲ್ಲೆಯ ಕಪ್ಪತಗುಡ್ಡದ ಮಾತೇ ಬೇರೆ. ಅಲ್ಲಿ ಯಾರೂ ಪಾತಿ ಮಾಡಿ ನೀರೆರೆದಿಲ್ಲ. ನಾಟಿ ವೈದ್ಯರು ತಲೆಮಾರುಗಳಿಂದ ಬೇರು, ತೊಗಟೆ ಹುಡುಕಿಕೊಂಡು ಹತ್ತಿದ ಬೆಟ್ಟ ಅದು. ಗಣಿಗಾರಿಕೆಯ ವಿರುದ್ಧ ಜನರು, ಮಠಾಧೀಶರು ಬೀದಿಗಿಳಿದು ಉಳಿಸಿಕೊಂಡರು, 2019ರಲ್ಲಿ ವನ್ಯಜೀವಿಧಾಮವಾಯಿತು. ಹಾಗಾಗಿ ಒಂದು ಎಲೆಯನ್ನೂ ಕೀಳಬೇಡಿ, ಕಣ್ತುಂಬ ನೋಡಿ. ಅಮೃತಬಳ್ಳಿ ಸಿಕ್ಕರೆ ಬಗ್ಗಿ ಗಮನಿಸಿ: ಹೃದಯದಾಕಾರದ ಎಲೆ, ಕಾಂಡದ ಮೇಲೆ ಕಾಗದದಂತೆ ಸುಲಿದು ನಿಂತ ಸಿಪ್ಪೆ, ಅದರಡಿಯಲ್ಲಿ ಹಸಿರು.

ಬೇಸಿಗೆಯಲ್ಲಾದರೆ ಧಾರವಾಡ. ಮಳೆ ಬಿದ್ದು ಗುಡ್ಡ ಹಸಿರಾಗಿದ್ದರೆ, ಕಾಲಲ್ಲಿ ಕಸುವಿದ್ದರೆ, ಗಿಡ ಬಲ್ಲ ಹಿರಿಯರೊಬ್ಬರು ಜೊತೆಗಿದ್ದರೆ ಎರಡು ಮಾತಿಲ್ಲದೆ ಕಪ್ಪತಗುಡ್ಡ.