ನ್ಯಾಸ್, ಕ್ಲೌಡ್, ಹಾರ್ಡ್ ಡಿಸ್ಕ್: ನಮ್ಮ ಅಂಗಡಿಯ ಲೆಕ್ಕ ಯಾವುದರಿಂದ ಮರಳಿ ಬಂತು?

ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಸೋಮವಾರ, ಗುರುವಾರ ಮೆಣಸಿನಕಾಯಿ ಮಾರುಕಟ್ಟೆ. ಅಂದು ರಾತ್ರಿಯೊಳಗೆ ರೈತರ ಪಟ್ಟಿ, ಖರೀದಿದಾರರ ಬಿಲ್ಲು, ಹಮಾಲಿ ಎಲ್ಲವೂ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶಕ್ಕೆ ಏರಬೇಕು. ಹೋದ ಸುಗ್ಗಿಯಲ್ಲಿ ಕಂಪ್ಯೂಟರಿನ ಡಿಸ್ಕ್ ಕೆಟ್ಟು ಹನ್ನೊಂದು ದಿನದ ಲೆಕ್ಕ ಹೋಯಿತು. ಹಣಕ್ಕೆ ಬಂದ ಮುದುಕರೊಬ್ಬರನ್ನು ‘ನಾಳೆ ಬನ್ನಿ ಯಜಮಾನರೇ’ ಎಂದು ಬರಿಗೈಲಿ ಕಳಿಸಿದ್ದು ಇಂದಿಗೂ ಚುಚ್ಚುತ್ತದೆ. ಆಮೇಲೆ ಲೆಕ್ಕದ ಪ್ರತಿ ಇಡುವ ಮೂರು ದಾರಿಗಳನ್ನು ನಾಲ್ಕು ತಿಂಗಳು ಬಳಸಿ ನೋಡಿದೆ. ಟ್ಯಾಲಿ ಮತ್ತು ಸ್ಕ್ಯಾನ್ ಮಾಡಿದ ಪಟ್ಟಿಗಳು ಸೇರಿ ನಮ್ಮದು 180 ಜಿಬಿ.

ಎಲ್ಲರೂ ಹೊಗಳಿದ್ದು ಎರಡು ಡಿಸ್ಕಿನ ನ್ಯಾಸ್ ಪೆಟ್ಟಿಗೆಯನ್ನು, ಅಂದರೆ ಅಂಗಡಿಯ ನೆಟ್‌ವರ್ಕಿಗೆ ಜೋಡಿಸಿ ಎರಡೂ ಡಿಸ್ಕಿನಲ್ಲಿ ಒಂದೇ ಪ್ರತಿ ಇಡುವ ಪೆಟ್ಟಿಗೆಯನ್ನು. ಒಂದು ಡಿಸ್ಕನ್ನು ನಾನೇ ಎಳೆದು ತೆಗೆದೆ, ಕೆಲಸ ನಿಲ್ಲಲಿಲ್ಲ. ಆದರೆ ಬೇಕೆಂದೇ ಒಂದು ಫೋಲ್ಡರ್ ಅಳಿಸಿದಾಗ ಎರಡೂ ಡಿಸ್ಕಿನಿಂದ ಒಟ್ಟಿಗೇ ಮಾಯವಾಯಿತು. ಆಯಾ ಹೊತ್ತಿನ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್ ಇಟ್ಟುಕೊಂಡರೆ ಹಳೆಯದು ಸಿಗುತ್ತದೆ, ಸರಿ. ಆದರೂ ಪೆಟ್ಟಿಗೆ ಇರುವುದು ಅದೇ ಕೋಣೆಯಲ್ಲಿ. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ಎಪಿಎಂಸಿ ಕಚೇರಿಗೇ ಬೆಂಕಿ ಬಿದ್ದ ಊರು ನಮ್ಮದು. ಒಂದೇ ಸೂರಿನಡಿಯ ಎರಡು ಪ್ರತಿಗಳನ್ನು ನಾನು ಎರಡೆಂದು ಎಣಿಸಲಾರೆ.

ಕ್ಲೌಡ್, ಅಂದರೆ ಇಂಟರ್ನೆಟ್ ಮೂಲಕ ಬೇರೆ ಕಂಪನಿಯ ಕಂಪ್ಯೂಟರಿನಲ್ಲಿ ಪ್ರತಿ ಇಡುವುದು, ಆ ಭಯವನ್ನು ಕಳೆಯುತ್ತದೆ. ನಮ್ಮ 25 ಎಂಬಿಪಿಎಸ್ ಸಂಪರ್ಕದಲ್ಲಿ 180 ಜಿಬಿ ಏರಲು ಲೆಕ್ಕದ ಪ್ರಕಾರ 16 ಗಂಟೆ ಸಾಕು. ನಿಜಕ್ಕೂ ಮೂರು ರಾತ್ರಿ ಹಿಡಿಯಿತು. ಟ್ಯಾಲಿಯಷ್ಟನ್ನೇ ಇಳಿಸಿಕೊಳ್ಳಲು ಇಪ್ಪತ್ತು ನಿಮಿಷ, ಎಲ್ಲವನ್ನೂ ಇಳಿಸಲು ಇಡೀ ದಿನ ಬೇಕಾಯಿತು. ಎಚ್ಚರ ಇರಬೇಕಾದದ್ದು ಸಿಂಕ್ ವಿಷಯದಲ್ಲಿ: ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಹಳೆಯ ಪ್ರತಿಗಳನ್ನು ಎಷ್ಟು ದಿನ ಇಡುತ್ತಾರೆಂದು ಮೊದಲೇ ಕೇಳಿ. ನಾವು ಕೊಂಡ ಯೋಜನೆಯಲ್ಲಿ ಮೂವತ್ತೇ ದಿನ. ಆದರೆ ಜಿಎಸ್‌ಟಿ ಕಾನೂನಿನಂತೆ ದಾಖಲೆಗಳನ್ನು ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಇಟ್ಟುಕೊಳ್ಳಬೇಕು.

ನನ್ನ ಮತ ಮಾತ್ರ ಹೊರಗಿನ ಹಾರ್ಡ್ ಡಿಸ್ಕಿಗೆ, ಅದೂ ಜೋಡಿಗೆ. ಒಂದರ ಮೇಲೆ ‘ಸೋಮ’, ಇನ್ನೊಂದರ ಮೇಲೆ ‘ಗುರು’ ಎಂದು ಚೀಟಿ ಅಂಟಿಸಿದ್ದೇನೆ. ಟ್ಯಾಲಿ ಮುಚ್ಚಿದ ಮೇಲೆ ಬ್ಯಾಕಪ್ ತೆಗೆದು, ಡಿಸ್ಕ್ ಬಿಡಿಸಿ ಹಾವೇರಿಯ ಮನೆಗೆ ಒಯ್ಯುತ್ತೇನೆ. ಕಂಪ್ಯೂಟರಿಗೆ ಜೋಡಿಸಿಯೇ ಇಟ್ಟ ಡಿಸ್ಕನ್ನು, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬಿಡುವುದಿಲ್ಲ; ಬಿಡಿಸಿಟ್ಟಿದ್ದನ್ನು ಮುಟ್ಟಲಾರದು. ದಾರಿಯಲ್ಲಿ ಕಳೆದರೂ ಯಾರೂ ತೆರೆಯದಂತೆ ಪಾಸ್‌ವರ್ಡ್ ಇದೆ, ಅದರ ಚೀಟಿ ಸಾಹುಕಾರರ ತಿಜೋರಿಯಲ್ಲಿ. ಕೇಬಲ್ ತೂರಿಸುವ ಕಿಂಡಿಯಲ್ಲಿ ಮೆಣಸಿನ ಕೆಂಪು ಧೂಳು ಕೂರುತ್ತದೆ, ಒಮ್ಮೆ ಡಿಸ್ಕ್ ಕಾಣಿಸಲೇ ಇಲ್ಲ. ಈಗ ಜಿಪ್ ಇರುವ ಚೀಲದಲ್ಲಿ ಇಡುತ್ತೇನೆ. ಇದರ ದೊಡ್ಡ ಕೊರತೆ ಮನುಷ್ಯನ ಮರೆವು. ಮದುವೆಗೆ ಹೋದ ಒಂದು ಗುರುವಾರ ಡಿಸ್ಕ್ ಡ್ರಾಯರಿನಲ್ಲೇ ಉಳಿಯಿತು.

ಆ ಮರೆವಿಗಾಗಿಯೇ ಟ್ಯಾಲಿಯನ್ನಷ್ಟೇ ಪ್ರತಿ ರಾತ್ರಿ ತಾನಾಗಿ ಕ್ಲೌಡಿಗೆ ಹೋಗುವಂತೆ ಮಾಡಿದ್ದೇನೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ ಎಂಬ ಹಳೆಯ ನಿಯಮಕ್ಕೆ ಇದು ಹೊಂದುತ್ತದೆ. ತಿಂಗಳ ಕೊನೆಯ ಶನಿವಾರ ಹಳೆಯ ಲ್ಯಾಪ್‌ಟಾಪಿಗೆ ಎಲ್ಲವನ್ನೂ ಮರಳಿ ತುಂಬಿ, ಒಬ್ಬ ರೈತರ ಖಾತೆಯನ್ನು ಕಾಗದದ ಪಟ್ಟಿಯ ಪಕ್ಕ ಇಟ್ಟು ತಾಳೆ ನೋಡುತ್ತೇನೆ. ಕಳೆದ ಸಲ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು, ಬಾಕಿ ಪೈಸೆಯೂ ತಪ್ಪಲಿಲ್ಲ.