ಸೆಕೆಂಡ್‌ಹ್ಯಾಂಡ್ ಯುಎಸ್‌ಡಿ ಫೋರ್ಕ್‌ಗೆ ದುಡ್ಡು ಕೊಡೋ ಮುಂಚೆ ಇದನ್ನ ಓದಿ

ಮೊದಲೇ ಹೇಳಿಬಿಡ್ತೀನಿ, ತಪ್ಪು ಅರ್ಧ ನಂದೇ. ಉಳಿದರ್ಧ ಮಾರಿದವನದು. ನಾನು ಮೋಸಹೋದ ಆ ಯುಎಸ್‌ಡಿ ಫೋರ್ಕ್ ಸೆಟ್ (ಬೈಕಿನ ಮುಂದಿನ ಶಾಕ್ಸ್, ಅಪ್‌ಸೈಡ್ ಡೌನ್ ಅಂದ್ರೆ ತಲೆಕೆಳಗಾಗಿ ಕಟ್ಟಿದ್ದು) ಹೋದ ವಾರ ಮತ್ತೆ ಮಾರಾಟಕ್ಕೆ ಬಂದಿದೆ. ಅದೇ ಫೋಟೋ, ಅದೇ ‘ರೇಸ್ ಗಾಡಿಯಿಂದ ಬಿಚ್ಚಿದ್ದು’ ಅನ್ನೋ ಮಾತು. ಅದಕ್ಕೇ ಕೂತು ಬರೀತಿದೀನಿ. ಬೆಳಗಾವಿ, ಹುಬ್ಬಳ್ಳಿ, ಕೊಲ್ಲಾಪುರ ಕಡೆಯಿಂದ ಟ್ರ್ಯಾಕ್‌ಗೆ ಹೋಗೋ ಹುಡುಗರಿಗೆ ಇದು ಮುಟ್ಟಿದ್ರೆ ಸಾಕು.

ನನ್ನದು ಯಮಹಾ ಆರ್15 ವಿ3 ಬೈಕ್. 2018ರಲ್ಲಿ ನಮ್ಮಲ್ಲಿ ಬಂದಾಗ ಇದಕ್ಕೆ ಮುಂದೆ 41 ಎಂಎಂ ಸಾದಾ ಟೆಲಿಸ್ಕೋಪಿಕ್ ಶಾಕ್ಸ್ ಕೊಟ್ಟಿದ್ರು. ಇಂಡೋನೇಷ್ಯಾದಲ್ಲಿ ಇದೇ ಗಾಡಿಗೆ ಬಂಗಾರದ ಬಣ್ಣದ ಯುಎಸ್‌ಡಿ. ನಮ್ಮಲ್ಲಿ ಅದು ಬಂದಿದ್ದು 2021ರ ವಿ4ನಲ್ಲಿ. ಅಷ್ಟರಲ್ಲಿ ವಿ3 ಇಟ್ಕೊಂಡವರಿಗೆಲ್ಲಾ ಆ ಬಂಗಾರದ ಹುಚ್ಚು ಹಿಡಿದಾಗಿತ್ತು. ನನಗೂ ಹಿಡಿದಿತ್ತು, ಯಾಕೆ ಸುಳ್ಳು ಹೇಳ್ಲಿ.

ನನಗೆ ನಿಜವಾಗಿ ಇದ್ದ ತೊಂದರೆ ಬೇರೆ. ನನ್ನ ತೂಕ 84 ಕಿಲೋ. ಜೋರಾಗಿ ಬ್ರೇಕ್ ಹಿಡಿದ್ರೆ ಮುಂಭಾಗ ಪೂರ್ತಿ ಕೆಳಗೆ ಕೂತು ‘ಟಕ್’ ಅಂತಿತ್ತು. ಸ್ಪ್ರಿಂಗ್ ನನ್ನ ತೂಕಕ್ಕೆ ಮೆದು, ಅಷ್ಟೇ. ಆದ್ರೆ ಅದನ್ನ ಯಾರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ‘ಯುಎಸ್‌ಡಿ ಹಾಕು, ಎಲ್ಲಾ ಸರಿಹೋಗುತ್ತೆ’ ಅಂದ್ರು. ಟಿ (ಫೋರ್ಕ್ ಪೈಪ್‌ಗಳನ್ನ ಹಿಡಿದಿಡೋ ಕ್ಲ್ಯಾಂಪ್) ಸಮೇತ ಪೂರ್ತಿ ಇಂಡೋನೇಷ್ಯಾ ಸೆಟ್ 38 ಸಾವಿರಕ್ಕೆ ಸಿಕ್ತು. ಒಳಗೆ ರೇಸಿಂಗ್ ಕಾರ್ಟ್ರಿಡ್ಜ್ (ಎಣ್ಣೆ ಹರಿಯೋದನ್ನ ಹಿಡಿತದಲ್ಲಿಡೋ ಒಳಭಾಗ) ಇದೆ ಅಂದ ಆಸಾಮಿ. ಬಿಚ್ಚಿ ತೋರ್ಸು ಅಂದ್ರೆ ‘ಸೀಲ್ ಹಾಳಾಗುತ್ತೆ ಸರ್’ ಅಂದ. ಅಲ್ಲೇ ಎದ್ದು ಬರ್ಬೇಕಿತ್ತು ನಾನು.

ಯುಎಸ್‌ಡಿ ಅನ್ನೋದು ಬರೀ ಕಟ್ಟೋ ರೀತಿ. ದಪ್ಪ ಪೈಪ್ ಮೇಲೆ, ಕ್ರೋಮ್ ಪೈಪ್ ಕೆಳಗೆ. ಇದ್ರಿಂದ ಟಿ ಹಿಡಿಯೋ ಕಡೆ ಗಟ್ಟಿತನ ಜಾಸ್ತಿ ಸಿಗುತ್ತೆ ನಿಜ. ಆದ್ರೆ ಶಾಕ್ಸ್ ಕೆಲಸ ಮಾಡೋದು ಒಳಗಿನ ಸ್ಪ್ರಿಂಗ್‌ನಿಂದ, ಎಣ್ಣೆ ಹಾಯೋ ದಾರಿಯಿಂದ. ಹೆಚ್ಚಿನ ಸಣ್ಣ ಗಾಡಿಗಳ ಯುಎಸ್‌ಡಿಯಲ್ಲಿ ತಿರುಗಿಸೋಕೆ ಒಂದು ಸ್ಕ್ರೂ ಕೂಡ ಇರಲ್ಲ. ನನ್ನ ‘ರೇಸಿಂಗ್ ಕಾರ್ಟ್ರಿಡ್ಜ್’ ಆಮೇಲೆ ಬಿಚ್ಚಿ ನೋಡಿದ್ರೆ ಕಂಪನಿಯಿಂದ ಬಂದಿದ್ದು ಹೇಗಿತ್ತೋ ಹಾಗೇ ಇತ್ತು.

ಹಾಕಿಸಿದ್ದು ನಮ್ಮೂರಿನ ಒಂದು ಗ್ಯಾರೇಜಲ್ಲಿ. ಹೆಸರು ಬೇಡ. ಅವರು ಎರಡು ಕೆಲಸ ಮಾಡಿದ್ರು. ಗಟ್ಟಿ ಆಗ್ಲಿ ಅಂತ 20ಡಬ್ಲ್ಯೂ ಅನ್ನೋ ಮಂದ ಎಣ್ಣೆ ಸುರಿದ್ರು. ಹ್ಯಾಂಡಲ್ ಎತ್ತರ ಆಯ್ತು ಅಂತ ಪೈಪ್‌ಗಳನ್ನ ಟಿ ಒಳಗೆ 20 ಎಂಎಂ ಮೇಲಕ್ಕೆ ತಳ್ಳಿದ್ರು. ಇಪ್ಪತ್ತು! ಟ್ರ್ಯಾಕ್‌ನಲ್ಲಿ ಓಡಿಸೋರು 3-4 ಎಂಎಂ ಬದಲಿಸಿ ಒಂದು ರೌಂಡ್ ಹೋಗಿ ಬಂದು ಯೋಚನೆ ಮಾಡ್ತಾರೆ. ಮುಂಭಾಗ ತಗ್ಗಿದಷ್ಟೂ ಟ್ರೇಲ್ (ಹ್ಯಾಂಡಲ್ ತಿರುಗೋ ಗೆರೆಗಿಂತ ಟೈರ್ ನೆಲ ಮುಟ್ಟೋ ಜಾಗ ಎಷ್ಟು ಹಿಂದಿದೆ ಅನ್ನೋದು) ಕಮ್ಮಿ ಆಗುತ್ತೆ, ಗಾಡಿ ಬೇಗ ತಿರುಗುತ್ತೆ, ಜೊತೆಗೆ ಹ್ಯಾಂಡಲ್ ತಲೆ ಅಲ್ಲಾಡಿಸೋಕೆ ಶುರು ಮಾಡುತ್ತೆ. ಖಾನಾಪುರ ರೋಡಲ್ಲಿ ಒಮ್ಮೆ ಓಡಿಸಿ ನೋಡಿದಾಗಲೇ ಸ್ವಲ್ಪ ನಡುಗ್ತಿತ್ತು. ಟೈರ್ ಇರಬೇಕು ಅಂದ್ಕೊಂಡೆ.

ಹಾಗೇ ಪಿಕಪ್‌ನಲ್ಲಿ ಗಾಡಿ ಹಾಕ್ಕೊಂಡು ಮೂರು ಜನ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಹೋದ್ವಿ. ಟ್ರ್ಯಾಕ್ ಸುಮಾರು 2.1 ಕಿಲೋಮೀಟರ್, ಉಸಿರು ಬಿಡೋಕೆ ಜಾಗ ಇರಲ್ಲ. ಮೊದಲ ಸೆಷನ್ ಮುಗಿಸಿ ಬಂದಾಗ ಮಣಿಕಟ್ಟು ಬಿದ್ದುಹೋಗಿತ್ತು. ಪಕ್ಕದ ಪಿಟ್‌ನಲ್ಲಿದ್ದ ಹಿರಿಯ ಮೆಕ್ಯಾನಿಕ್ ಒಬ್ರು ಬಂದು ಹ್ಯಾಂಡಲ್ ಹಿಡಿದು ಒಮ್ಮೆ ಒತ್ತಿ ಬಿಟ್ರು. ಮುಂಭಾಗ ಕೂತಿದ್ದು ಏಳೋದೇ ಇಲ್ಲ. ನಾದಿಟ್ಟ ಹಿಟ್ಟಿಗೆ ಬೆರಳು ಒತ್ತಿದ ಹಾಗೆ, ನಿಧಾನಕ್ಕೆ, ಬೇಕೋ ಬೇಡವೋ ಅಂತ ಮೇಲೆ ಬಂತು. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಸ್ಯಾಗ್ ಎಷ್ಟು?’

ನಾನು ಬಾಯಿ ಬಿಟ್ಕೊಂಡು ನಿಂತೆ. 38 ಸಾವಿರ ಕೊಟ್ಟವನಿಗೆ ಆ ಪದ ಕೇಳಿ ಗೊತ್ತಿತ್ತು, ಅಳೆದು ಗೊತ್ತಿರ್ಲಿಲ್ಲ.

ಅಳೆಯೋಕೆ ಬೇಕಾಗಿದ್ದು ಒಂದು ಟೇಪು, ಇಬ್ಬರು ಗೆಳೆಯರು. ಮುಂದಿನ ಚಕ್ರ ನೆಲ ಬಿಡೋ ಹಾಗೆ ಎತ್ತಿ, ಕಾಣೋ ಕ್ರೋಮ್ ಪೈಪ್‌ನ ಉದ್ದ ಅಳೀರಿ. ಆಮೇಲೆ ಸೂಟು, ಹೆಲ್ಮೆಟ್ ಎಲ್ಲಾ ಹಾಕ್ಕೊಂಡು ಓಡಿಸೋ ಹಾಗೆ ಕೂತು ಮತ್ತೆ ಅಳೀರಿ. ಎರಡರ ವ್ಯತ್ಯಾಸವೇ ಸ್ಯಾಗ್. ಟ್ರ್ಯಾಕ್‌ಗೆ 30-35 ಎಂಎಂ ಹತ್ತಿರ ಇದ್ರೆ ಶುರು ಮಾಡೋಕೆ ಸಾಕು. ಪ್ರಿಲೋಡ್ (ಸ್ಪ್ರಿಂಗ್‌ನ ಮೊದಲೇ ಎಷ್ಟು ಒತ್ತಿಟ್ಟಿದೆ ಅನ್ನೋದು) ಪೂರ್ತಿ ಬಿಗಿ ಮಾಡಿದ್ರೂ ಜಾಸ್ತಿ ಕೂರ್ತಿದ್ರೆ ಸ್ಪ್ರಿಂಗ್ ಮೆದು ಅಂತ ಅರ್ಥ. ಇನ್ನೊಂದು, ಪ್ರಿಲೋಡ್ ಬಿಗಿ ಮಾಡಿದ್ರೆ ಸ್ಪ್ರಿಂಗ್ ಗಟ್ಟಿ ಆಗಲ್ಲ. ಗಾಡಿ ನಿಲ್ಲೋ ಎತ್ತರ ಮಾತ್ರ ಬದಲಾಗುತ್ತೆ. ಇದನ್ನ ಹತ್ತು ವರ್ಷ ಗ್ಯಾರೇಜ್ ನಡೆಸಿದವರೂ ಒಪ್ಪಲ್ಲ, ವಾದ ಮಾಡಿ ಸಾಕಾಗಿದೆ.

ಮಂದ ಎಣ್ಣೆಯ ಕಥೆಯೂ ಆ ಹಿರಿಯ ಮೆಕ್ಯಾನಿಕ್ಕೇ ಹೇಳಿದ್ರು. ಒಂದು ಉಬ್ಬು ದಾಟಿದಾಗ ಕೆಳಗೆ ಹೋದ ಶಾಕ್ಸ್ ಮುಂದಿನ ಉಬ್ಬು ಬರೋದ್ರೊಳಗೆ ಮೇಲೆ ಬರ್ಬೇಕು. ಬರ್ಲಿಲ್ಲ ಅಂದ್ರೆ ಇನ್ನೂ ಕೆಳಗೆ, ಇನ್ನೂ ಕೆಳಗೆ ಇಳೀತಾ ಹೋಗಿ ಕೊನೆಗೆ ಓಡಾಡೋಕೆ ಜಾಗವೇ ಇಲ್ದೆ ಟೈರ್ ಕುಣಿಯುತ್ತೆ. ಕೆಳಗೆ ಕೂತಿದ್ದು ನೋಡಿ ನಮಗೆ ಮೆದು ಅನ್ಸುತ್ತೆ, ಮತ್ತೆ ಇನ್ನೂ ಮಂದ ಎಣ್ಣೆ ಹಾಕ್ತೀವಿ! ಅಂದ ಹಾಗೆ ಡಬ್ಬಿ ಮೇಲಿನ 10ಡಬ್ಲ್ಯೂ, 15ಡಬ್ಲ್ಯೂ ನಂಬರ್ ನಂಬ್ಬೇಡಿ, ಒಂದು ಕಂಪನಿಯ 10 ಇನ್ನೊಂದರ 10ಕ್ಕೆ ಸಮ ಇರಲ್ಲ. 40 ಡಿಗ್ರಿಯಲ್ಲಿ ಎಷ್ಟು ಸಿಎಸ್‌ಟಿ (ಎಣ್ಣೆಯ ಮಂದತನದ ಅಳತೆ) ಅಂತ ಇರುತ್ತೆ, ಅದನ್ನ ಹೋಲಿಸಿ.

ಇಷ್ಟೆಲ್ಲಾ ಕೇಳಿಯೂ ನಾನು ಎರಡನೇ ಸೆಷನ್‌ಗೆ ಹೋದೆ. ದುಡ್ಡು ಕಟ್ಟಿದ್ದೆ, ಬಿಡೋಕೆ ಮನಸ್ಸಾಗ್ಲಿಲ್ಲ. ನಾಲ್ಕನೇ ರೌಂಡ್, ಸ್ಟ್ರೇಟ್ ಕೊನೆಗೆ ಬ್ರೇಕ್ ಹಿಡಿದೆ. ಲಿವರ್ ಗಟ್ಟಿಯಾಗೇ ಇದೆ, ಗಾಡಿ ಮಾತ್ರ ನಿಲ್ತಿಲ್ಲ. ಸೀದಾ ಟ್ರ್ಯಾಕ್ ಬಿಟ್ಟು ಮಣ್ಣಿಗೆ ಹೋಗಿ ಮಗುಚ್ಕೊಂಡೆ. ಮಣಿಕಟ್ಟು ಉಳುಕಿತು, ಎಡಗಡೆ ಫೇರಿಂಗ್ ಎರಡು ಹೋಳು. ಓಡಿ ಬಂದ ಗೆಳೆಯ ನನ್ನ ನೋಡೋಕೆ ಮುಂಚೆ ಚಕ್ರ ನೋಡಿ ಕೂಗಿದ: ‘ಲೇ, ಡಿಸ್ಕ್ ಮ್ಯಾಲೆ ಎಣ್ಣಿ ಐತಲೇ!’

ಯುಎಸ್‌ಡಿಯಲ್ಲಿ ಸೀಲ್ ಕೆಳಗಡೆ ಇರುತ್ತೆ. ಸೋರಿದ ಎಣ್ಣೆ ಕ್ರೋಮ್ ಪೈಪ್ ಗುಂಟ ಇಳಿದು ಸೀದಾ ಬ್ರೇಕ್ ಕ್ಯಾಲಿಪರ್ ಹತ್ತಿರ ಹೋಗುತ್ತೆ. ಪ್ಯಾಡ್ ಎಣ್ಣೆ ಕುಡಿದ್ರೆ ಮುಗೀತು, ಒರೆಸಿ ಪ್ರಯೋಜನ ಇಲ್ಲ, ಎಸೀಬೇಕು.

ಬೆಳಗಾವಿಗೆ ಬಂದ ಮೇಲೆ ಪೈಪ್ ತಗೊಂಡು ನಮ್ಮೂರಿನ ಇಂಡಸ್ಟ್ರಿಯಲ್ ಏರಿಯಾ ಉದ್ಯಮಬಾಗಕ್ಕೆ ಹೋದೆ. ಅಪ್ಪನ ಗೆಳೆಯರೊಬ್ಬರ ಲೇತ್ ಶಾಪ್ ಇದೆ, ಹೈಡ್ರಾಲಿಕ್ ಸಿಲಿಂಡರ್ ಕೆಲಸ ಮಾಡ್ತಾರೆ. ಕ್ರೋಮ್ ರಾಡು, ಸೀಲು ಅವರಿಗೆ ದಿನಾ ಊಟ ಇದ್ದಂಗೆ. ಇಷ್ಟು ಜನ ಇಂಥವರು ಊರಲ್ಲೇ ಇರುವಾಗ ತಗೊಳ್ಳೋ ಮುಂಚೆ ಯಾಕೆ ತೋರಿಸ್ಲಿಲ್ಲ ಅಂತ ಈಗಲೂ ಕೈ ಹಿಸುಕ್ಕೋತೀನಿ. ಕಾಕಾ ಮೊದಲು ಉಗುರಿನಿಂದ ಕ್ರೋಮ್ ಮೇಲೆ ಗೀರಿದ್ರು. ಒಂದು ಕಡೆ ಉಗುರು ಸಿಕ್ಕಿತು. ಸಾಸಿವೆ ಕಾಳಿಗಿಂತ ಚಿಕ್ಕ ತೂತು, ಅಂಚು ಬ್ಲೇಡ್ ತರ ಚೂಪು. ಸೀಲ್ ಕೊಯ್ದಿದ್ದು ಅದೇ. ಆಮೇಲೆ ಎರಡು ವಿ-ಬ್ಲಾಕ್ ಮೇಲೆ ಎಡ ಪೈಪ್ ಮಲಗಿಸಿ, ನಡುವೆ ಡಯಲ್ ಗೇಜ್ ತಾಗಿಸಿ, ಕೈಯಿಂದ ನಿಧಾನಕ್ಕೆ ಉರುಳಿಸಿದ್ರು. ಮುಳ್ಳು 65 ಗೆರೆ ಆಡಿತು. ಅಂದ್ರೆ 0.65 ಎಂಎಂ. ಬೆಂಡ್ ಅದರರ್ಧ ಅಂತ ಹಿಡಿದ್ರೂ 0.3 ದಾಟುತ್ತೆ, ಸರ್ವೀಸ್ ಮ್ಯಾನುಯಲ್‌ಗಳಲ್ಲಿ ಸಾಮಾನ್ಯವಾಗಿ 0.2 ಅಂದ್ರೆ ಕೊನೆ.

‘ತಮ್ಮಾ, ಇದು ಬಿದ್ದ ಗಾಡೀದು. ಪ್ರೆಸ್ಸಿನ್ಯಾಗ ಇಟ್ಟು ನೆಟ್ಟಗ ಮಾಡ್ಯಾರ, ಮ್ಯಾಲೆ ಪಾಲಿಶ್ ಹೊಡದಾರ’ ಅಂದ್ರು. ಎಷ್ಟು ಕೊಟ್ಟೆ ಅಂತ ಕೇಳಿದ್ರು. ಹೇಳಿದೆ. ‘ನಿಮ್ಮಪ್ಪಗ ಹೇಳ್ಲ್ಯಾ?’ ಅಂದ್ರು.

ಬಗ್ಗಿದ ಪೈಪ್ ನೆಟ್ಟಗೆ ಮಾಡಿ ಮತ್ತೆ ಹಾಕ್ಬೇಡಿ ಅಂತ ಮ್ಯಾನುಯಲ್‌ನಲ್ಲೇ ಬರೆದಿರುತ್ತೆ. ಒಮ್ಮೆ ಬಗ್ಗಿದ್ದು ಎಲ್ಲಿ, ಯಾವಾಗ ಕೈ ಕೊಡುತ್ತೆ ಹೇಳೋಕಾಗಲ್ಲ.

ಈಗ ನನ್ನ ಗಾಡಿಯಲ್ಲಿರೋದು ಹಳೇ 41 ಎಂಎಂ ಶಾಕ್ಸೇ. ನನ್ನ ತೂಕಕ್ಕೆ ತಕ್ಕ ಸ್ಪ್ರಿಂಗ್, ಹೊಸ ಸೀಲು, ಬುಷ್, ಸರಿಯಾದ ಎಣ್ಣೆ. ಎಣ್ಣೆ ಮಟ್ಟ ಸ್ಪ್ರಿಂಗ್ ತೆಗೆದು, ಪೈಪ್ ಪೂರ್ತಿ ಒತ್ತಿ, ಮೇಲಿನಿಂದ ಅಳೆದು ಎರಡೂ ಕಡೆ ಒಂದೇ ಮಾಡಿದ್ದು. ಎಲ್ಲಾ ಸೇರಿ 9 ಸಾವಿರ. ಸ್ಯಾಗ್ 33 ಬರ್ತಿದೆ. ಪೈಪ್‌ಗೆ ಒಂದು ಜಿಪ್ ಟೈ ಕಟ್ಟಿದೀನಿ, ಎಷ್ಟು ಕೆಳಗೆ ಹೋಯ್ತು ಅಂತ ಪ್ರತಿ ಸೆಷನ್ ಆದ್ಮೇಲೆ ಕಾಣುತ್ತೆ. ‘ಟಕ್’ ನಿಂತಿದೆ. ಮುಂದೆ ದುಡ್ಡಾದ್ರೆ ನಿಜವಾದ ಕಾರ್ಟ್ರಿಡ್ಜ್ ಕಿಟ್ ಹಾಕಿಸ್ತೀನಿ. ಓಹ್ಲಿನ್ಸ್ (ರೇಸ್ ಶಾಕ್ಸ್ ಮಾಡೋ ಕಂಪನಿ) ರೇಟ್ ಕೇಳಿ ಸದ್ಯಕ್ಕೆ ಫೋನ್ ಇಟ್ಟಿದೀನಿ. ಮತ್ತೆ ರೇಸ್‌ಗೆ ಹೆಸರು ಕೊಡೋರು ಮೊದಲು ನಿಮ್ಮ ಕ್ಲಾಸ್‌ನ ರೂಲ್ಸ್ ಓದಿ. ಸ್ಟಾಕ್ ಕ್ಲಾಸ್‌ನಲ್ಲಿ (ಕಂಪನಿಯಿಂದ ಬಂದ ಹಾಗೇ ಓಡಿಸೋ ಕ್ಲಾಸ್) ಸಾಮಾನ್ಯವಾಗಿ ಫೋರ್ಕ್ ಬದಲಿಸೋಕೆ ಬಿಡಲ್ಲ, ಹಾಕಿದ್ದೆಲ್ಲಾ ವೇಸ್ಟ್.

ಆ ಬಂಗಾರದ ಸೆಟ್ ಮಾರಿದವನಿಗೇ 14 ಸಾವಿರಕ್ಕೆ ವಾಪಸ್ ಕೊಟ್ಟೆ. ಬಗ್ಗಿದೆ ಅಂತ ಮುಖಕ್ಕೆ ಹೇಳಿಯೇ ಕೊಟ್ಟೆ, ‘ಇರ್ಲಿ ಬಿಡಿ ಸರ್’ ಅಂದ. ಗುಜರಿಗೆ ಹಾಕ್ತಾನೆ ಅಂದ್ಕೊಂಡಿದ್ದೆ, ಇನ್ನೊಬ್ಬನ ತಲೆಗೆ ಕಟ್ತಾನೆ ಅಂತ ಹೊಳೀಲಿಲ್ಲ. ಈಗ 32 ಸಾವಿರಕ್ಕೆ ಇಟ್ಟಿದಾನೆ. ಕಾಕಾ ಅವತ್ತೇ ನಂಬರ್ ಪಂಚ್ ತಗೊಂಡು, ಎಡಗಡೆ ಆಕ್ಸಲ್ ಹಿಡಿಯೋ ಅಲ್ಯೂಮಿನಿಯಂ ತುಂಡಿನ ತಳಕ್ಕೆ 65 ಅಂತ ಹೊಡೆದಿದ್ರು. ಯಾರಾದ್ರೂ ನೋಡೋಕೆ ಹೋದ್ರೆ ಮಗುಚಿ ತಳ ನೋಡಿ. ಆ ಜಾಗದಲ್ಲಿ ಹೊಸದಾಗಿ ಅರ ಹಾಕಿ ಉಜ್ಜಿದ ಗುರುತು ಇದ್ರೂ ಅದೇ ಸೆಟ್.