ಪಿಲ್ಲರ್-ಗೋಡೆ ಸಂದಿಗೆ ಫೈಬರ್ ಮೆಶ್: ಮಲೆನಾಡಿನ ಮನೆಗೆ ಕೋಳಿ ಬಲೆಗಿಂತ ವಾಸಿ

ಚಿಕ್ಕಮಗಳೂರಿನ ಹೊಸ ಮನೆಗಳಲ್ಲಿ ಕಾಂಕ್ರೀಟ್ ಪಿಲ್ಲರಿಗೆ ಬ್ಲಾಕ್ ಗೋಡೆ ಕೂಡುವ ಕಡೆ ನೂಲು ಹಿಡಿದಂತೆ ನೆಟ್ಟಗೆ ಬಿರುಕು ಬಿಟ್ಟಿರುತ್ತದೆ. ಸಿಮೆಂಟ್ ಬ್ಲಾಕ್ ಒಣಗುತ್ತಾ ಕುಗ್ಗುತ್ತದೆ, ಪಿಲ್ಲರ್ ಅಷ್ಟು ಕುಗ್ಗುವುದಿಲ್ಲ. ಈ ಎಳೆದಾಟಕ್ಕೆ ಸಿಕ್ಕಿ ಮೇಲಿನ ಗಾರೆ ಸೀಳುತ್ತದೆ. ಪುಟ್ಟಿ ತುಂಬಿ ಬಣ್ಣ ಬಳಿದರೂ ಬೇಸಿಗೆಗೆ ಅದೇ ಗೆರೆ ಮತ್ತೆ ಕಾಣುತ್ತದೆ.

ಇದನ್ನು ತಡೆಯಲು ಸಂದಿಯ ಮೇಲೆ ಗಾರೆಯೊಳಗೆ ಬಲೆ ಹಾಕುತ್ತಾರೆ. ತೆಳು ಕಬ್ಬಿಣದ ತಂತಿಯ ಕೋಳಿ ಬಲೆ ಅಗ್ಗ, ಮೊಳೆ ಹೊಡೆದು ನಿಲ್ಲಿಸುವುದೂ ಸುಲಭ. ಆದರೆ ಮೂಡಿಗೆರೆ, ಕೊಪ್ಪದ ಕಡೆ ಮಳೆಗಾಲವಿಡೀ ತೇವ ಕುಡಿಯುವ ಗೋಡೆಯಲ್ಲಿ ಅದರ ತೆಳು ಸತುವಿನ ಲೇಪ ಸವೆದು, ತುಕ್ಕಿನ ಕಂದು ಕಲೆ ಬಣ್ಣದ ಮೇಲೆ ಮೂಡುತ್ತದೆ. ಗಾಜಿನ ಎಳೆಯಿಂದ ನೇಯ್ದ ಫೈಬರ್ ಮೆಶ್‌ಗೆ ಆ ಕಾಟವಿಲ್ಲ. 1 ಮೀಟರ್ ಅಗಲ, 50 ಮೀಟರ್ ಉದ್ದದ ಸುರುಳಿಯನ್ನು 30 ಸೆಂ.ಮೀ. ಪಟ್ಟಿಗಳಾಗಿ ಕತ್ತರಿಸಿದರೆ ಸುಮಾರು 150 ಮೀಟರ್ ಸಂದಿಗೆ ಬರುತ್ತದೆ.

ಕೊಳ್ಳುವಾಗ ಎರಡು ವಿಷಯ ಕೇಳಲೇಬೇಕು. ಕ್ಷಾರ ತಡೆಯುವ ಲೇಪನ ಇರಬೇಕು. ಇಲ್ಲದಿದ್ದರೆ ಸಿಮೆಂಟಿನ ಕ್ಷಾರವೇ ಗಾಜಿನ ಎಳೆಯನ್ನು ತಿಂದುಹಾಕುತ್ತದೆ. ಇನ್ನೊಂದು ಬಲೆಯ ಕಣ್ಣಿನ, ಅಂದರೆ ರಂಧ್ರದ ಅಳತೆ. ಗಾರೆಗೆ 10 ಮಿ.ಮೀ. ಕಣ್ಣಿನದು ಬೇಕು. 4–5 ಮಿ.ಮೀ. ಕಣ್ಣಿನದು ತೆಳು ಲೇಪಕ್ಕೆ ಸರಿ. ಅದರೊಳಗೆ ದಪ್ಪ ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಇಳಿಯದೆ ಗಾರೆ ಎರಡು ಪದರವಾಗುತ್ತದೆ, ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. 5 ಸೆಂ.ಮೀ. ಅಗಲದ ಅಂಟು ಟೇಪ್ ಜಿಪ್ಸಮ್ ಹಲಗೆಯ ಸಂದಿಗೆ ಮಾಡಿದ್ದು, ಇಲ್ಲಿ ದಂಡ.

ಹೆಚ್ಚಿನವರು ಕೆಡಿಸುವುದು ಹಾಕುವ ಕ್ರಮದಲ್ಲೇ. ಮೆಶ್ ಅನ್ನು ಒಣ ಗೋಡೆಗೆ ಅಂಟಿಸಿ ಮೇಲೆ ಗಾರೆ ಎರಚಿದರೆ ಅದು ಗೋಡೆಗೂ ಗಾರೆಗೂ ಮಧ್ಯೆ ಪರದೆಯಾಗುತ್ತದೆ. ಪಿಲ್ಲರಿಗೆ ಉಳಿಯಿಂದ ಕಚ್ಚು ಹೊಡೆದು, ಸಂದಿಗೆ ಗಾರೆ ತುಂಬಿ, ನೀರು ಚಿಮುಕಿಸಿ, ಸಿಮೆಂಟ್ ಹಾಲು (ನೀರಿನಲ್ಲಿ ಕದಡಿದ ಸಿಮೆಂಟ್) ಬಳಿಯಬೇಕು. ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ (1:4) ಗಾರೆ 6–8 ಮಿ.ಮೀ. ಹಾಕಿ, ಹಸಿಯಿದ್ದಾಗಲೇ ಪಟ್ಟಿಯನ್ನು ಎರಡೂ ಬದಿಗೆ 15 ಸೆಂ.ಮೀ. ಬರುವಂತೆ ಕರಣೆಯಿಂದ ಒತ್ತಬೇಕು. ಮೊದಲಿನದು ಗಟ್ಟಿಯಾಗುವ ಮುಂಚೆ ಮೇಲೆ ಇನ್ನೂ 6 ಮಿ.ಮೀ. ಗಾರೆ ಹಾಕಬೇಕು. ಪಟ್ಟಿಗೆ ಪಟ್ಟಿ ಸೇರುವಲ್ಲಿ 10 ಸೆಂ.ಮೀ. ಒಂದರ ಮೇಲೊಂದು ಇರಲಿ. ಏಳು ದಿನ ನೀರು ಹಾಕುವುದನ್ನು ತಪ್ಪಿಸಬಾರದು.

ಬಾಗಿಲು-ಕಿಟಕಿಯ ಮರದ ಚೌಕಟ್ಟಿನ ಅಂಚಿಗೆ ಮಾತ್ರ ಮೆಶ್ ಬೇಡ. ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ಮರವನ್ನು ಯಾವ ಬಲೆಯೂ ಹಿಡಿದಿಡದು. ಅಲ್ಲಿ ಗಾರೆ ಹಸಿಯಿದ್ದಾಗಲೇ 10 ಮಿ.ಮೀ. ಗ್ರೂವ್ ಬಿಟ್ಟು, ಒಣಗಿದ ಮೇಲೆ ಅಕ್ರಿಲಿಕ್ ಸೀಲೆಂಟ್ ತುಂಬಿ. ಸಿಲಿಕೋನ್ ತುಂಬಿದರೆ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ.